ಅಳಿಸಿದಷ್ಟೂ ಮರಳಿ ಬರುವ ಹಳದಿ ತ್ರಿಕೋನ: ಎಕ್ಲಿಪ್ಸ್‌ನ ಜಾವಾ ಆವೃತ್ತಿ ಎಚ್ಚರಿಕೆಗೆ ದೋಷ ನಿವಾರಣೆ ಕೈಪಿಡಿ

ಜಾವಾ ಕೋಡ್ ಬರೆಯುವ ತಂತ್ರಾಂಶವಾದ ಎಕ್ಲಿಪ್ಸ್‌ನಲ್ಲಿ ಮೇವನ್ (ಕೋಡನ್ನು ಬಿಲ್ಡ್ ಮಾಡಿಕೊಡುವ ಸಾಧನ) ಪ್ರಾಜೆಕ್ಟ್ ಇಟ್ಟುಕೊಂಡು ಕೆಲಸ ಮಾಡುವವರು ಈ ಎಚ್ಚರಿಕೆಯನ್ನು ಒಮ್ಮೆಯಾದರೂ ಕಂಡಿರುತ್ತಾರೆ. ಪರದೆಯ ಕೆಳಗಿನ ಪ್ರಾಬ್ಲಮ್ಸ್ ಪಟ್ಟಿಯಲ್ಲಿ ಹಳದಿ ತ್ರಿಕೋನ, ಪಕ್ಕದಲ್ಲಿ ‘ಬಿಲ್ಡ್ ಪಾತ್ ಸ್ಪೆಸಿಫೈಸ್ ಎಕ್ಸಿಕ್ಯೂಷನ್ ಎನ್ವಿರಾನ್‌ಮೆಂಟ್ ಜೆ2ಎಸ್‌ಇ-1.5’ ಎಂದು ಶುರುವಾಗುವ ಉದ್ದನೆಯ ಸಾಲು. ಪ್ರಾಜೆಕ್ಟ್ ಜಾವಾ 1.5 ಕೇಳುತ್ತಿದೆ, ಅದಕ್ಕೆ ಕರಾರುವಾಕ್ಕಾಗಿ ಹೊಂದುವ ಜಾವಾ ಈ ವರ್ಕ್‌ಸ್ಪೇಸ್‌ನಲ್ಲಿ ಒಂದೂ ಇಲ್ಲ ಎಂಬುದು ಅದರ ತಾತ್ಪರ್ಯ. ಬಿಲ್ಡ್ ಪಾತ್ ತೆರೆದು, ಲೈಬ್ರರಿ ಬದಲಿಸಿ, ಅಪ್ಲೈ ಒತ್ತಿದರೆ ತ್ರಿಕೋನ ಮಾಯವಾಗುತ್ತದೆ. ಆಮೇಲೆ ಒಂದು ಡಿಪೆಂಡೆನ್ಸಿ (ಹೊರಗಿನ ಲೈಬ್ರರಿ) ಸೇರಿಸಿ ಪ್ರಾಜೆಕ್ಟ್ ಅಪ್‌ಡೇಟ್ ಕೊಟ್ಟರೆ ಅದೇ ತ್ರಿಕೋನ, ಅದೇ ಸಾಲು, ಅದೇ 1.5.

ಮೊದಲ ಸಲ ಇದು ಎದುರಾದಾಗ ನಾನು ಸುಮಾರು ಎರಡು ವಾರ ಕೈಯಿಂದಲೇ ಲೈಬ್ರರಿ ಬದಲಿಸುತ್ತಾ ಕಳೆದೆ. ಬೆಳಿಗ್ಗೆ ಸರಿ ಮಾಡಿದ್ದು ಮಧ್ಯಾಹ್ನಕ್ಕೆ ಮತ್ತೆ ಹಾಳಾಗಿರುತ್ತಿತ್ತು. ಕೊನೆಗೊಮ್ಮೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಏನೇನು ಬದಲಾಗಿದೆ ಎಂದು ನೋಡಿದಾಗ ವಿಷಯ ಬಯಲಾಯಿತು. ನಾನು ತಿದ್ದುತ್ತಿದ್ದದ್ದು ಎಕ್ಲಿಪ್ಸ್ ತನಗಾಗಿ ತಯಾರಿಸಿಕೊಳ್ಳುವ ನಕಲನ್ನು. ಅದನ್ನು ಬರೆಸುವ ಮೂಲ ಫೈಲ್ ಹಾಗೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಒಂದು ಎಚ್ಚರಿಕೆ ಪದೇ ಪದೇ ಮರಳುತ್ತಿದೆ ಎಂದರೆ ಯಾವುದೋ ಫೈಲ್ ಅದನ್ನು ಪ್ರತಿ ಸಲ ಹೊಸದಾಗಿ ಹುಟ್ಟಿಸುತ್ತಿದೆ. ಆ ಫೈಲ್ ಯಾವುದೆಂದು ಪತ್ತೆ ಹಚ್ಚುವುದಷ್ಟೇ ಇಲ್ಲಿನ ಕೆಲಸ.

ಕೈ ಹಾಕುವ ಮುನ್ನ

ಇರುವ ಕೋಡನ್ನು ಮೊದಲು ಕಮಿಟ್ ಮಾಡಿಕೊಳ್ಳಿ, ಅಂದರೆ ಗಿಟ್‌ನಲ್ಲಿ ದಾಖಲಿಸಿಕೊಳ್ಳಿ. ಮುಂದೆ ಹೇಳುವ ಕೆಲವು ಹೆಜ್ಜೆಗಳು ಪ್ರಾಜೆಕ್ಟ್‌ನ ಸೆಟ್ಟಿಂಗ್ ಫೈಲ್‌ಗಳನ್ನು ತಿದ್ದಿ ಬರೆಯುತ್ತವೆ. ಕಮಿಟ್ ಇದ್ದರೆ ಏನು ಬದಲಾಯಿತು ಎಂದು ಸಾಲು ಸಾಲಾಗಿ ಕಾಣುತ್ತದೆ, ಬೇಡವೆನಿಸಿದರೆ ಹಿಂದಕ್ಕೆ ಹೋಗಲೂ ಬರುತ್ತದೆ.

ಹಳೆಯ ಜೆಡಿಕೆಗಳನ್ನು (ಜಾವಾ ಕೋಡ್ ಕಂಪೈಲ್ ಮಾಡಿ ಓಡಿಸಲು ಬೇಕಾದ ಕಿಟ್) ಈಗಲೇ ಅನ್‌ಇನ್‌ಸ್ಟಾಲ್ ಮಾಡಬೇಡಿ. ‘ಎಲ್ಲ ತೆಗೆದು ಒಂದೇ ಜಾವಾ ಇಟ್ಟರೆ ಸರಿಹೋಗುತ್ತದೆ’ ಎಂಬ ಸಲಹೆ ಬಹಳ ಓಡಾಡುತ್ತಿದೆ. ಹಾಗೆ ಮಾಡಿದರೆ ಬೇರೆ ಪ್ರಾಜೆಕ್ಟ್‌ಗಳು ನಿಲ್ಲುತ್ತವೆ, ಈ ಎಚ್ಚರಿಕೆ ಮಾತ್ರ ಹೋಗುವುದಿಲ್ಲ.

ಎಚ್ಚರಿಕೆಯ ಸಾಲನ್ನು ಪೂರ್ತಿ ಓದಿ. ಅದರಲ್ಲಿರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ: 1.5, 1.7, 1.8, 11, ಯಾವುದಿದ್ದರೂ. ಪಟ್ಟಿಯ ಕೊನೆಯ ಕಾಲಮ್‌ನಲ್ಲಿ ‘ಟೈಪ್’ ಎಂದಿರುತ್ತದೆ, ಅದನ್ನೂ ನೋಡಿ. ‘ಜೆಆರ್‌ಇ ಸಿಸ್ಟಮ್ ಲೈಬ್ರರಿ ಪ್ರಾಬ್ಲಮ್’ (ಜೆಆರ್‌ಇ ಎಂದರೆ ಜಾವಾ ಪ್ರೋಗ್ರಾಂ ಓಡಿಸುವ ಭಾಗ) ಎಂದಿದ್ದರೆ ಈ ಕೈಪಿಡಿ ನಿಮಗೇ. ‘ಮೇವನ್ ಕಾನ್ಫಿಗರೇಷನ್ ಪ್ರಾಬ್ಲಮ್’ ಎಂದಿದ್ದು, ಪಾಮ್ ಫೈಲ್‌ಗೂ (ಪ್ರಾಜೆಕ್ಟ್ ಹೇಗೆ ಬಿಲ್ಡ್ ಆಗಬೇಕೆಂದು ಮೇವನ್‌ಗೆ ತಿಳಿಸುವ ಫೈಲ್) ಪ್ರಾಜೆಕ್ಟ್‌ಗೂ ಹೊಂದಾಣಿಕೆ ತಪ್ಪಿದೆ, ಅಪ್‌ಡೇಟ್ ಮಾಡಿ ಎಂಬ ಸಂದೇಶವಿದ್ದರೆ ಅದು ಹೇಳಿದಷ್ಟನ್ನೇ ಮಾಡಿ. ಪಾಮ್ ಬದಲಾಗಿದೆ, ಎಕ್ಲಿಪ್ಸ್ ಇನ್ನೂ ಅದನ್ನು ಓದಿಕೊಂಡಿಲ್ಲ, ಅಷ್ಟೇ ಅದರ ಅರ್ಥ.

ಲಕ್ಷಣ: ಎಚ್ಚರಿಕೆ ಈಗಷ್ಟೇ ಬಂದಿದೆ, ಪ್ರೋಗ್ರಾಂ ಸರಿಯಾಗಿ ಓಡುತ್ತಿದೆ

ಅರ್ಧ ನಿಮಿಷದ ಪರೀಕ್ಷೆಯಿಂದ ಶುರು ಮಾಡಿ. ಪ್ರಾಜೆಕ್ಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಮೇವನ್, ಅದರೊಳಗೆ ಅಪ್‌ಡೇಟ್ ಪ್ರಾಜೆಕ್ಟ್. ಕೀಬೋರ್ಡ್‌ನಲ್ಲಾದರೆ ಆಲ್ಟ್ ಜೊತೆ ಎಫ್5. ಬರುವ ಕಿಟಕಿಯಲ್ಲಿ ಪಾಮ್‌ನಿಂದ ಕಾನ್ಫಿಗರೇಷನ್ ಅಪ್‌ಡೇಟ್ ಮಾಡುವ, ವರ್ಕ್‌ಸ್ಪೇಸ್ ರಿಫ್ರೆಶ್ ಮಾಡುವ ಮತ್ತು ಕ್ಲೀನ್ ಮಾಡುವ ಮೂರು ಆಯ್ಕೆಗಳಿಗೂ ಟಿಕ್ ಇರಲಿ. ಸ್ನ್ಯಾಪ್‌ಶಾಟ್‌ಗಳನ್ನು (ಇನ್ನೂ ಅಭಿವೃದ್ಧಿಯಲ್ಲಿರುವ ಆವೃತ್ತಿಗಳು) ಬಲವಂತವಾಗಿ ಇಳಿಸಿಕೊಳ್ಳುವ ಆಯ್ಕೆ ಇದಕ್ಕೆ ಬೇಕಿಲ್ಲ, ಸುಮ್ಮನೆ ಸಮಯ ತಿನ್ನುತ್ತದೆ.

ಇಷ್ಟಕ್ಕೆ ತ್ರಿಕೋನ ಹೋಗಿ ಮತ್ತೆ ಬರದಿದ್ದರೆ ಅದು ಹಳೆಯ ಗುರುತು ಮಾತ್ರ, ಕೆಲಸ ಮುಗಿಯಿತು.

ಹೋಗದಿದ್ದರೆ ಸಂಖ್ಯೆಯ ಕಡೆ ತಿರುಗಿ. ಅದು 1.8 ಅಥವಾ 11 ಆಗಿದ್ದು, ನಿಮ್ಮ ಪ್ರಾಜೆಕ್ಟ್ ನಿಜಕ್ಕೂ ಆ ಆವೃತ್ತಿಗೇ ಬರೆದದ್ದಾದರೆ ತಪ್ಪು ಪ್ರಾಜೆಕ್ಟ್‌ನದಲ್ಲ. ಆ ಆವೃತ್ತಿಯ ಜೆಡಿಕೆ ನಿಮ್ಮ ಎಕ್ಲಿಪ್ಸ್‌ಗೆ ಗೊತ್ತಿಲ್ಲ. ಪ್ರಿಫರೆನ್ಸಸ್‌ನಲ್ಲಿ ಜಾವಾ, ಅದರೊಳಗೆ ಇನ್‌ಸ್ಟಾಲ್ಡ್ ಜೆಆರ್‌ಇಸ್, ಅದರ ಕೆಳಗೆ ಎಕ್ಸಿಕ್ಯೂಷನ್ ಎನ್ವಿರಾನ್‌ಮೆಂಟ್ಸ್ ತೆರೆಯಿರಿ. ಎಡಗಡೆ ಜಾವಾಎಸ್‌ಇ-1.8 ಆರಿಸಿದರೆ ಬಲಗಡೆ ಅದನ್ನು ನಡೆಸಬಲ್ಲ ಜಾವಾಗಳ ಪಟ್ಟಿ ಕಾಣುತ್ತದೆ. ಜೆಡಿಕೆ 17 ಅಲ್ಲಿ ಇರುತ್ತದೆ, ಏಕೆಂದರೆ 17ರಲ್ಲಿ 8ರ ಕೋಡ್ ಓಡುತ್ತದೆ. ಆದರೆ ‘ಪರ್ಫೆಕ್ಟ್ ಮ್ಯಾಚ್’ ಎಂಬ ಗುರುತು ಜೆಡಿಕೆ 8ರ ಮುಂದೆ ಮಾತ್ರ ಬೀಳುತ್ತದೆ. ಎಚ್ಚರಿಕೆ ಕೇಳುತ್ತಿರುವುದು ಈ ಗುರುತನ್ನೇ. ಜೆಡಿಕೆ 8 ಹಾಕಿಕೊಂಡು, ಇನ್‌ಸ್ಟಾಲ್ಡ್ ಜೆಆರ್‌ಇಸ್ ಪಟ್ಟಿಗೆ ಸೇರಿಸಿ, ಇಲ್ಲಿ ಟಿಕ್ ಮಾಡಿದರೆ ಅಲ್ಲಿಗೆ ಮುಗಿಯುತ್ತದೆ.

ಸಂಖ್ಯೆ 1.5 ಆಗಿದ್ದರೆ ಮಾತ್ರ ಈ ದಾರಿ ಹಿಡಿಯಬೇಡಿ. ಜಾವಾ 5 ಬಂದದ್ದು 2004ರಲ್ಲಿ. ಇವತ್ತು ಶುರುವಾದ ಪ್ರಾಜೆಕ್ಟ್‌ಗೆ ಅದನ್ನು ಯಾರೂ ಬೇಕೆಂದು ಆರಿಸಿರುವುದಿಲ್ಲ. ಅದನ್ನು ಹುಡುಕಿ ತಂದು ಹಾಕಿದರೆ ತ್ರಿಕೋನ ಹೋಗಬಹುದು, ಸಮಸ್ಯೆ ಉಳಿಯುತ್ತದೆ.

ಲಕ್ಷಣ: ಸಂಖ್ಯೆ 1.5, ಪ್ರತಿ ಅಪ್‌ಡೇಟ್ ಆದ ಮೇಲೆ ಮರಳಿ ಬರುತ್ತದೆ

ಹೆಚ್ಚಿನವರ ಸಮಸ್ಯೆ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಕ್ಲಾಸ್‌ಪಾತ್ ಎಂಬ ಫೈಲ್ ಇದೆ. ಅದರ ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಬಿಲ್ಡ್ ಪಾತ್ ಕಿಟಕಿಯಲ್ಲಿ ನೀವು ಮಾಡುವ ಬದಲಾವಣೆ ಹೋಗಿ ಕೂರುವುದು ಅದರಲ್ಲೇ. ಅದನ್ನು ನೋಟ್‌ಪ್ಯಾಡ್‌ನಂಥ ಎಡಿಟರ್‌ನಲ್ಲಿ ತೆರೆದರೆ ಹತ್ತಿಪ್ಪತ್ತು ಸಾಲು. ಅದರಲ್ಲಿ ಒಂದು ಸಾಲು ಜೆಆರ್‌ಇ ಕಂಟೇನರ್‌ನದ್ದು, ಓರೆಗೆರೆಗಳ ನಡುವೆ ಉದ್ದಕ್ಕೆ ಹೋಗಿ, ಕೊನೆಯಲ್ಲಿ ಜೆ2ಎಸ್‌ಇ-1.5 ಎಂದು ಮುಗಿಯುತ್ತದೆ. ನೀವು ಕಿಟಕಿಯಲ್ಲಿ ಜಾವಾ 17 ಆರಿಸಿದ ಕ್ಷಣ ಆ ಕೊನೆಯ ತುಣುಕು ಜಾವಾಎಸ್‌ಇ-17 ಆಗುತ್ತದೆ. ಆಮೇಲೆ ಆಲ್ಟ್ ಎಫ್5 ಒತ್ತಿ, ಫೈಲ್ ಮತ್ತೆ ತೆರೆಯಿರಿ: 1.5ಕ್ಕೆ ಹಿಂತಿರುಗಿರುತ್ತದೆ. ಇದನ್ನು ಒಮ್ಮೆ ನಿಮ್ಮ ಕಣ್ಣಿನಿಂದಲೇ ನೋಡಿ. ನೋಡಿದ ಮೇಲೆ ಬಿಲ್ಡ್ ಪಾತ್ ಕಿಟಕಿಗೆ ಹೋಗುವ ಅಭ್ಯಾಸ ತಾನಾಗಿ ಬಿಟ್ಟುಹೋಗುತ್ತದೆ.

ಹಿಂತಿರುಗಿಸುವುದು ಯಾರು? ಎಕ್ಲಿಪ್ಸ್‌ಗೂ ಮೇವನ್‌ಗೂ ಸೇತುವೆಯಾಗಿರುವ ಎಂ2ಇ ಎಂಬ ಪ್ಲಗಿನ್. ಅಪ್‌ಡೇಟ್ ಕೊಟ್ಟಾಗ ಅದು ಪಾಮ್ ಫೈಲ್ ಓದಿ, ಯಾವ ಜಾವಾ ಬೇಕೆಂದು ಮೇವನ್‌ನ ಕಂಪೈಲರ್ ಪ್ಲಗಿನ್ ಹೇಳುತ್ತದೋ ಅದನ್ನೇ ಕ್ಲಾಸ್‌ಪಾತ್ ಫೈಲ್‌ಗೆ ಬರೆಯುತ್ತದೆ. ಪಾಮ್‌ನಲ್ಲಿ ಜಾವಾ ಆವೃತ್ತಿಯ ಮಾತೇ ಇಲ್ಲದಿದ್ದರೆ ಕಂಪೈಲರ್ ಪ್ಲಗಿನ್ ತನ್ನ ಪೂರ್ವನಿಗದಿತ ಆವೃತ್ತಿಯನ್ನು ಹೇಳುತ್ತದೆ. 3.8.0ಕ್ಕಿಂತ ಹಿಂದಿನ ಕಂಪೈಲರ್ ಪ್ಲಗಿನ್‌ಗಳಲ್ಲಿ ಅದು 1.5. 3.8.0ರಿಂದ 1.6, 3.9.0ರಿಂದ 1.7, 3.11.0ರಿಂದ 1.8.

ಒಂದೇ ಪ್ರಾಜೆಕ್ಟ್ ಒಬ್ಬರ ಯಂತ್ರದಲ್ಲಿ 1.5 ಎಂದೂ ಇನ್ನೊಬ್ಬರಲ್ಲಿ 1.8 ಎಂದೂ ಹೇಳುವ ಗೊಂದಲಕ್ಕೂ ಕಾರಣ ಇಲ್ಲೇ ಇದೆ. ಪಾಮ್‌ನಲ್ಲಿ ಕಂಪೈಲರ್ ಪ್ಲಗಿನ್‌ನ ಆವೃತ್ತಿಯನ್ನೂ ಬರೆಯದೆ ಬಿಟ್ಟಿದ್ದರೆ ಅದನ್ನು ಮೇವನ್ ತಾನೇ ಆರಿಸುತ್ತದೆ. 3.8 ಸಾಲಿನ ಮೇವನ್‌ಗಳು ಆರಿಸುತ್ತಿದ್ದದ್ದು 3.1 ಆವೃತ್ತಿಯ ಪ್ಲಗಿನ್, ಹಾಗಾಗಿ ಅಲ್ಲಿ 1.5. 3.9 ಸಾಲಿನಲ್ಲಿ ಹೊಸ ಪ್ಲಗಿನ್ ಬಂತು, ಸಂಖ್ಯೆಯೂ ಮೇಲೇರಿತು. ಎಕ್ಲಿಪ್ಸ್ ತನ್ನೊಳಗೇ ಒಂದು ಮೇವನ್ ಇಟ್ಟುಕೊಂಡಿರುತ್ತದೆ, ಟರ್ಮಿನಲ್‌ನಲ್ಲಿರುವುದು ಇನ್ನೊಂದು. ಎರಡರ ಉತ್ತರ ಬೇರೆ ಬೇರೆಯಾದರೆ ಅಚ್ಚರಿಪಡಬೇಕಿಲ್ಲ.

ಇನ್ನು ಸರಿಪಡಿಸುವುದು. ಪಾಮ್ ಫೈಲ್ ತೆರೆಯಿರಿ. ಪ್ರಾಪರ್ಟೀಸ್ ಎಂಬ ಟ್ಯಾಗ್ ಇಲ್ಲದಿದ್ದರೆ ಸೇರಿಸಿ. ಅದರೊಳಗೆ ‘ಮೇವನ್ ಡಾಟ್ ಕಂಪೈಲರ್ ಡಾಟ್ ರಿಲೀಸ್’ ಎಂಬ ಹೆಸರಿನ ಟ್ಯಾಗ್ ಬರೆದು, ಒಳಗೆ 17 ಎಂದೋ 21 ಎಂದೋ ನಿಮಗೆ ಬೇಕಾದ ಆವೃತ್ತಿ ಕೊಡಿ. ಎಲ್ಲವೂ ಸಣ್ಣಕ್ಷರದಲ್ಲಿರಲಿ, ಡಾಟ್ ಎಂದ ಕಡೆ ಚುಕ್ಕಿ, ನಡುವೆ ಖಾಲಿ ಜಾಗ ಬೇಡ. ಸೇವ್ ಮಾಡಿ, ಆಲ್ಟ್ ಎಫ್5. ಈಗ ಕ್ಲಾಸ್‌ಪಾತ್ ಫೈಲನ್ನು ಎಂ2ಇ ತಾನಾಗಿ ಸರಿಯಾಗಿ ಬರೆಯುತ್ತದೆ. ಇನ್ನೆರಡು ಸಲ ಅಪ್‌ಡೇಟ್ ಕೊಟ್ಟು ನೋಡಿ. ಎಚ್ಚರಿಕೆ ಬರದಿದ್ದರೆ ಮೂಲ ಸಿಕ್ಕಿತು ಎಂದು ಧೈರ್ಯವಾಗಿ ಹೇಳಬಹುದು.

ರಿಲೀಸ್ ಎಂಬ ಈ ಆಯ್ಕೆ ಜಾವಾ ಕಂಪೈಲರ್‌ಗೆ ಬಂದದ್ದು ಜೆಡಿಕೆ 9ರಲ್ಲಿ. ಮೇವನ್‌ನ ಕಂಪೈಲರ್ ಪ್ಲಗಿನ್‌ಗೆ ಅದು ಅರ್ಥವಾಗತೊಡಗಿದ್ದು 3.6ರಿಂದ. ನೀವು ಜೆಡಿಕೆ 8ರಲ್ಲೇ ಕಂಪೈಲ್ ಮಾಡುವವರಾದರೆ ಅದರ ಬದಲು ‘ಮೇವನ್ ಡಾಟ್ ಕಂಪೈಲರ್ ಡಾಟ್ ಸೋರ್ಸ್’ ಮತ್ತು ‘ಮೇವನ್ ಡಾಟ್ ಕಂಪೈಲರ್ ಡಾಟ್ ಟಾರ್ಗೆಟ್’ ಎರಡನ್ನೂ ಬರೆದು, ಎರಡರಲ್ಲೂ 1.8 ಎಂದು ಕೊಡಿ. ಸೋರ್ಸ್ ಎಂದರೆ ಕೋಡ್ ಬರೆದ ಜಾವಾ ಆವೃತ್ತಿ, ಟಾರ್ಗೆಟ್ ಎಂದರೆ ಅದು ಓಡಬೇಕಾದ ಆವೃತ್ತಿ. ಒಂದನ್ನು ಬರೆದು ಇನ್ನೊಂದನ್ನು ಮರೆತರೆ ಮರೆತದ್ದು ಪೂರ್ವನಿಗದಿತ ಆವೃತ್ತಿಯಲ್ಲೇ ಉಳಿಯುತ್ತದೆ. ರಿಲೀಸ್ ಇಟ್ಟವರು ಪಾಮ್‌ನಲ್ಲಿ ಕಂಪೈಲರ್ ಪ್ಲಗಿನ್‌ನ ಆವೃತ್ತಿಯನ್ನೂ ನಮೂದಿಸಿಬಿಡುವುದು ಒಳ್ಳೆಯದು, ಆಗ ಯಾರ ಯಂತ್ರದಲ್ಲಿ ಯಾವ ಮೇವನ್ ಇದ್ದರೂ ಉತ್ತರ ಒಂದೇ.

ಮೇವನ್‌ನ ಕ್ವಿಕ್‌ಸ್ಟಾರ್ಟ್ ಆರ್ಕಿಟೈಪ್‌ನಿಂದ (ಹೊಸ ಪ್ರಾಜೆಕ್ಟ್‌ಗೆ ಸಿದ್ಧ ಅಚ್ಚು) ಪ್ರಾಜೆಕ್ಟ್ ಶುರು ಮಾಡಿದವರಿಗೆ ಒಂದು ಮಾತು. ಅದರ 1.1 ಆವೃತ್ತಿ ಕೊಡುವ ಪಾಮ್‌ನಲ್ಲಿ ಜಾವಾ ಆವೃತ್ತಿಯ ಸುದ್ದಿಯೇ ಇರುವುದಿಲ್ಲ, ಪರೀಕ್ಷೆಗೆ ಬಳಸುವ ಜೆಯುನಿಟ್ ಲೈಬ್ರರಿ 3.8.1 ಮಾತ್ರ ಇರುತ್ತದೆ. 1.4 ಆವೃತ್ತಿಯಾದರೆ ಸೋರ್ಸ್ ಮತ್ತು ಟಾರ್ಗೆಟ್ ಎರಡಕ್ಕೂ 1.7 ಬರೆದುಕೊಡುತ್ತದೆ. ಕಲಿಯುವವರ ಮೊದಲ ಪ್ರಾಜೆಕ್ಟ್‌ನಲ್ಲೇ ಈ ತ್ರಿಕೋನ ಕಾಣಿಸಿಕೊಳ್ಳುವುದು ಇದರಿಂದ. ಅವರು ಏನೂ ತಪ್ಪು ಮಾಡಿರುವುದಿಲ್ಲ.

ಲಕ್ಷಣ: ಪಾಮ್‌ನಲ್ಲಿ 17 ಎಂದು ಬರೆದಾಯಿತು, ಎಚ್ಚರಿಕೆ ಹಾಗೇ ಇದೆ

ನೀವು ಬರೆದದ್ದನ್ನು ಇನ್ನೊಂದು ಕಡೆಯ ಬರಹ ಮೀರಿಸುತ್ತಿದೆ, ಇಲ್ಲವೇ ನೀವು ಬರೆದ ಹೆಸರನ್ನು ಮೇವನ್ ಗುರುತಿಸುತ್ತಿಲ್ಲ. ಊಹೆ ಮಾಡುತ್ತಾ ಕೂರಬೇಡಿ. ಎಕ್ಲಿಪ್ಸ್‌ನ ಪಾಮ್ ಎಡಿಟರ್‌ನ ಕೆಳಗಡೆ ಟ್ಯಾಬ್‌ಗಳಿವೆ, ಅದರಲ್ಲಿ ‘ಎಫೆಕ್ಟಿವ್ ಪಾಮ್’ ಎಂಬುದನ್ನು ತೆರೆಯಿರಿ. ತಾಯಿ ಪಾಮ್ (ಪೇರೆಂಟ್, ಅಂದರೆ ಇತರ ಪಾಮ್‌ಗಳಿಗೆ ಸೆಟ್ಟಿಂಗ್ ಕೊಡುವಂಥದ್ದು), ಪ್ರೊಫೈಲ್ (ಬೇಕಾದಾಗ ಮಾತ್ರ ಜಾರಿಯಾಗುವ ಸೆಟ್ಟಿಂಗ್‌ಗಳ ಗುಂಪು), ಪೂರ್ವನಿಗದಿತ ಮೌಲ್ಯಗಳು ಎಲ್ಲವನ್ನೂ ಕೂಡಿಸಿದ ಮೇಲೆ ಮೇವನ್‌ಗೆ ಕೊನೆಗೆ ಕಾಣುವ ಪಾಮ್ ಅದು. ಕಂಟ್ರೋಲ್ ಎಫ್ ಒತ್ತಿ ಕಂಪೈಲರ್ ಎಂದು ಹುಡುಕಿ.

ನಾನು ಕಂಡ ಕಾರಣಗಳಲ್ಲಿ ಮೊದಲನೆಯದು, ಪಾಮ್‌ನ ಕೆಳಭಾಗದಲ್ಲಿ ಕಂಪೈಲರ್ ಪ್ಲಗಿನ್‌ಗೆಂದೇ ಒಂದು ಕಾನ್ಫಿಗರೇಷನ್ ಭಾಗವಿದ್ದು, ಅದರಲ್ಲಿ ಸೋರ್ಸ್ 1.5 ಎಂದು ಯಾರೋ ವರ್ಷಗಳ ಹಿಂದೆ ನೇರವಾಗಿ ಬರೆದಿಟ್ಟಿರುವುದು. ನೇರವಾಗಿ ಬರೆದದ್ದರ ಮುಂದೆ ಅದೇ ಹೆಸರಿನ ಪ್ರಾಪರ್ಟಿಯ ಮಾತು ನಡೆಯುವುದಿಲ್ಲ. ಆ ಹಳೆಯ ಸಾಲುಗಳನ್ನು ತೆಗೆದರೆ ಪ್ರಾಪರ್ಟಿಗೆ ಜೀವ ಬರುತ್ತದೆ.

ಎರಡನೆಯದು ‘ಜಾವಾ ಡಾಟ್ ವರ್ಷನ್’ ಎಂಬ ಪ್ರಾಪರ್ಟಿ. ಸ್ಪ್ರಿಂಗ್ ಬೂಟ್ (ಜಾವಾದಲ್ಲಿ ಅಪ್ಲಿಕೇಷನ್ ಕಟ್ಟುವ ಚೌಕಟ್ಟು) ಪ್ರಾಜೆಕ್ಟ್‌ಗಳಲ್ಲಿ ಎಲ್ಲ ಕಡೆ ಇದನ್ನೇ ನೋಡುತ್ತೇವೆ, ಅಲ್ಲಿ ಅದು ಕೆಲಸವನ್ನೂ ಮಾಡುತ್ತದೆ. ಆದರೆ ಕೆಲಸ ಮಾಡಿಸುವುದು ಸ್ಪ್ರಿಂಗ್ ಬೂಟ್‌ನ ಸ್ಟಾರ್ಟರ್ ಪೇರೆಂಟ್ ಪಾಮ್. ಆ ಮೌಲ್ಯವನ್ನು ಎತ್ತಿ ಕಂಪೈಲರ್‌ಗೆ ಕೊಡುವ ಸಾಲು ಇರುವುದು ಅದರಲ್ಲಿ. ಆ ಪೇರೆಂಟ್ ಇಲ್ಲದ ಪ್ರಾಜೆಕ್ಟ್‌ಗೆ ಇದೊಂದನ್ನೇ ನಕಲಿಸಿದರೆ ಮೇವನ್‌ಗೆ ಅದು ಅರ್ಥವಿಲ್ಲದ ಹೆಸರು. ತಪ್ಪು ಎಂದು ಯಾರೂ ಹೇಳುವುದಿಲ್ಲ, ಸುಮ್ಮನೆ ಕಡೆಗಣಿಸಲಾಗುತ್ತದೆ. ಹಾಗಾಗಿಯೇ ಇದು ಬಹಳ ಹೊತ್ತು ಕಾಡುವ ತಪ್ಪು.

ಮೂರನೆಯದು ಸಂಖ್ಯೆ ಬರೆಯುವ ಕ್ರಮ. 8ರವರೆಗೆ 1.8 ಎಂದು ಬರೆಯುವುದು ರೂಢಿ, 9ರಿಂದ ಆಚೆಗೆ ಮೊದಲಲ್ಲಿರುತ್ತಿದ್ದ ‘1.’ ಬಿದ್ದುಹೋಯಿತು. 1.11, 1.17 ಎಂದು ಬರೆದರೆ ಅಂಥ ಆವೃತ್ತಿಯೇ ಇಲ್ಲ. ರಿಲೀಸ್ ಟ್ಯಾಗ್‌ನಲ್ಲಿ 1.8 ಎಂದೂ ಬರೆಯಬೇಡಿ, ಬರಿಯ 8 ಸಾಕು.

ಹಲವು ಮಾಡ್ಯೂಲ್‌ಗಳ ಪ್ರಾಜೆಕ್ಟ್ ಆದರೆ ಎಲ್ಲಿ ಬರೆದಿದ್ದೀರಿ ಎಂಬುದೂ ಮುಖ್ಯ. ಒಂದು ಮಗು ಮಾಡ್ಯೂಲ್‌ನಲ್ಲಿ ಬರೆದರೆ ಉಳಿದ ಮಕ್ಕಳಿಗೆ ತಲುಪುವುದಿಲ್ಲ. ತಾಯಿ ಪಾಮ್‌ನಲ್ಲಿ ಬರೆಯಬೇಕು. ಪ್ರಾಜೆಕ್ಟ್ ಪ್ರಾಪರ್ಟೀಸ್‌ನ ಮೇವನ್ ಪುಟದಲ್ಲಿ ಯಾವುದಾದರೂ ಪ್ರೊಫೈಲ್ ಹೆಸರು ತುಂಬಿದೆಯೇ ಎಂದೂ ನೋಡಿ. ಆ ಪ್ರೊಫೈಲ್ ತನ್ನದೇ ಆವೃತ್ತಿ ತಂದು ಕೂರಿಸುತ್ತಿರಬಹುದು.

ತಾಯಿ ಪಾಮ್ ನಿಮ್ಮ ತಂಡದ್ದಲ್ಲ, ಕಂಪನಿಯ ಬೇರೆ ತಂಡ ಪ್ರಕಟಿಸುವಂಥದ್ದು ಎಂದಾದರೆ ಇಲ್ಲಿ ನಿಲ್ಲಿ. ಆ ಆವೃತ್ತಿಯನ್ನು ಬೇಕೆಂದೇ ಇಟ್ಟಿದ್ದಾರೆಯೇ ಎಂದು ಅವರನ್ನು ಕೇಳಿ ಮುಂದುವರಿಯಿರಿ.

ಲಕ್ಷಣ: ಗಿಟ್‌ನಿಂದ ಪುಲ್ ಮಾಡಿದಾಗಲೆಲ್ಲ ಬರುತ್ತದೆ

ಪಾಮ್ ಸರಿಯಿದೆ, ಅಪ್‌ಡೇಟ್ ಕೊಟ್ಟರೆ ಹೋಗುತ್ತದೆ, ಆದರೆ ಸಹೋದ್ಯೋಗಿಯ ಬದಲಾವಣೆ ಇಳಿಸಿಕೊಂಡ ಕೂಡಲೇ ಮತ್ತೆ ಹಾಜರ್. ಕ್ಲಾಸ್‌ಪಾತ್ ಫೈಲ್ ಮತ್ತು ಸೆಟ್ಟಿಂಗ್ಸ್ ಫೋಲ್ಡರ್ ಗಿಟ್‌ನೊಳಗೆ ಸೇರಿಬಿಟ್ಟಿವೆ. ಅವರ ಯಂತ್ರದ ನಕಲು ನಿಮ್ಮದರ ಮೇಲೆ ಬಂದು ಕೂರುತ್ತಿದೆ, ನೀವು ತಿದ್ದಿ ಕಮಿಟ್ ಮಾಡಿದರೆ ನಿಮ್ಮದು ಅವರ ಮೇಲೆ.

ಇದರ ಇನ್ನೊಂದು ಮುಖ ಕೆಂಪು ಬಣ್ಣದ ‘ಅನ್‌ಬೌಂಡ್ ಕ್ಲಾಸ್‌ಪಾತ್ ಕಂಟೇನರ್’ ಎಂಬ ದೋಷ. ಒಬ್ಬರು ಬಿಲ್ಡ್ ಪಾತ್‌ನಲ್ಲಿ ‘ಆಲ್ಟರ್ನೇಟ್ ಜೆಆರ್‌ಇ’ ಆರಿಸಿ ತಮ್ಮ ಯಂತ್ರದಲ್ಲಿರುವ ಜೆಡಿಕೆಯ ಹೆಸರನ್ನೇ ಕೊಟ್ಟಿರುತ್ತಾರೆ; ಅದೇ ಹೆಸರಿನ ನಮೂದು ನಿಮ್ಮಲ್ಲಿ ಇರುವುದಿಲ್ಲ. ಯಂತ್ರದ ಹೆಸರು ಹಿಡಿಯದೆ ‘ಎಕ್ಸಿಕ್ಯೂಷನ್ ಎನ್ವಿರಾನ್‌ಮೆಂಟ್’ ಆರಿಸಿದರೆ ಈ ತೊಂದರೆ ಬರುವುದಿಲ್ಲ. ಆಯಾ ಯಂತ್ರ ತನ್ನಲ್ಲಿರುವ ಹೊಂದುವ ಜಾವಾವನ್ನು ತಾನೇ ಹುಡುಕಿಕೊಳ್ಳುತ್ತದೆ.

ಮೇವನ್ ಪ್ರಾಜೆಕ್ಟ್‌ನಲ್ಲಿ ಈ ಫೈಲ್‌ಗಳನ್ನು ಗಿಟ್‌ನಲ್ಲಿ ಇಡಬೇಕಾಗಿಯೇ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಾಮ್ ಇದ್ದರೆ ಎಕ್ಲಿಪ್ಸ್ ಅವನ್ನು ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಆದರೆ ಗಿಟ್‌ಇಗ್ನೋರ್ ಫೈಲ್‌ಗೆ ಹೆಸರು ಸೇರಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ, ಏಕೆಂದರೆ ಈಗಾಗಲೇ ಗಿಟ್ ಗಮನಿಸುತ್ತಿರುವ ಫೈಲ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಗಿಟ್‌ನ ಆರ್‌ಎಂ ಆದೇಶವನ್ನು ಕ್ಯಾಶ್ಡ್ ಎಂಬ ಆಯ್ಕೆಯ ಜೊತೆ ಕೊಟ್ಟು ಅವನ್ನು ಗಿಟ್‌ನ ಪಟ್ಟಿಯಿಂದ ತೆಗೆಯಬೇಕು. ಕ್ಯಾಶ್ಡ್ ಎಂಬ ಪದ ಬಿಟ್ಟುಹೋದರೆ ನಿಮ್ಮ ಡಿಸ್ಕ್‌ನಿಂದಲೂ ಫೈಲ್ ಅಳಿಯುತ್ತದೆ. ಪದ ಸೇರಿಸಿದ್ದರೂ, ಆ ಕಮಿಟ್ಟನ್ನು ಪುಲ್ ಮಾಡಿದ ಸಹೋದ್ಯೋಗಿಗಳ ಯಂತ್ರದಲ್ಲಿ ಫೈಲ್ ಅಳಿದುಹೋಗುತ್ತದೆ. ಅವರು ಆಲ್ಟ್ ಎಫ್5 ಒತ್ತಬೇಕಾಗುತ್ತದೆ, ಕೆಲವೊಮ್ಮೆ ಪ್ರಾಜೆಕ್ಟ್ ಮರು ಇಂಪೋರ್ಟ್ ಮಾಡಬೇಕಾಗುತ್ತದೆ. ಹೇಳದೆ ಕೇಳದೆ ಮಾಡಬೇಡಿ. ಮೊದಲೇ ಒಂದು ಮಾತು ತಿಳಿಸಿ, ಎಲ್ಲರ ಕೆಲಸ ಕಮಿಟ್ ಆದ ಹೊತ್ತು ನೋಡಿ ಮಾಡಿ.

ಲಕ್ಷಣ: ನಿನ್ನೆಯವರೆಗೆ ಸರಿಯಿತ್ತು, ಜಾವಾ ಅಥವಾ ಎಕ್ಲಿಪ್ಸ್ ಅಪ್‌ಡೇಟ್ ಆದ ಮೇಲೆ ಶುರುವಾಯಿತು

ಇನ್‌ಸ್ಟಾಲ್ಡ್ ಜೆಆರ್‌ಇಸ್ ಪಟ್ಟಿಗೆ ಹೋಗಿ, ಒಂದೊಂದು ನಮೂದಿನ ಮುಂದಿರುವ ಫೋಲ್ಡರ್ ನಿಜವಾಗಿ ಇದೆಯೇ ನೋಡಿ. ಜೆಡಿಕೆಯ ಸಣ್ಣ ಅಪ್‌ಡೇಟ್ ಕೂಡ ಕೆಲವೊಮ್ಮೆ ಹೊಸ ಹೆಸರಿನ ಫೋಲ್ಡರ್‌ಗೆ ಇಳಿದು ಹಳೆಯದನ್ನು ಅಳಿಸುತ್ತದೆ, ಎಕ್ಲಿಪ್ಸ್ ಮಾತ್ರ ಹಳೆಯ ವಿಳಾಸವನ್ನೇ ಹಿಡಿದು ಕೂತಿರುತ್ತದೆ. ಹಳೆಯ ನಮೂದು ತೆಗೆದು ಹೊಸ ಫೋಲ್ಡರ್ ಕೊಡಿ.

2020ರ ಸೆಪ್ಟೆಂಬರ್ ಬಿಡುಗಡೆಯಿಂದ ಎಕ್ಲಿಪ್ಸ್ ಪ್ಯಾಕೇಜ್‌ಗಳು ತಮ್ಮೊಳಗೇ ಒಂದು ಜಾವಾ ಇಟ್ಟುಕೊಂಡು ಬರುತ್ತವೆ. ಪ್ಲಗಿನ್ಸ್ ಫೋಲ್ಡರ್‌ನೊಳಗೆ ಜಸ್ಟ್‌ಜೆ ಎಂಬ ಹೆಸರಿನಲ್ಲಿ ಅದು ಇರುತ್ತದೆ, ಫೋಲ್ಡರ್ ಹೆಸರಿನಲ್ಲೇ ಆವೃತ್ತಿ ಸಂಖ್ಯೆ ಇರುತ್ತದೆ. ಎಕ್ಲಿಪ್ಸ್ ತಾನು ಓಡಲು ಅದನ್ನು ಬಳಸಲಿ, ತೊಂದರೆಯಿಲ್ಲ. ನಿಮ್ಮ ಪ್ರಾಜೆಕ್ಟ್‌ಗೆ ಅದನ್ನೇ ನೆಚ್ಚಿಕೊಂಡರೆ ಅಪ್‌ಡೇಟ್ ಆದಾಗ ಪೇಚಿಗೆ ಸಿಲುಕುತ್ತೀರಿ. ಪ್ರತ್ಯೇಕವಾಗಿ ಒಂದು ಜೆಡಿಕೆ ಹಾಕಿ ಪಟ್ಟಿಗೆ ಸೇರಿಸುವುದೇ ಬಾಳಿಕೆಯ ದಾರಿ.

ಉಲ್ಟಾ ಸಂದರ್ಭವೂ ಇದೆ: ಜೆಡಿಕೆ ಹೊಸದು, ಎಕ್ಲಿಪ್ಸ್ ಹಳೆಯದು. ಎಕ್ಸಿಕ್ಯೂಷನ್ ಎನ್ವಿರಾನ್‌ಮೆಂಟ್ ಪಟ್ಟಿಯಲ್ಲಿ ನಿಮಗೆ ಬೇಕಾದ ಸಂಖ್ಯೆಯೇ ಕಾಣದಿದ್ದರೆ ಇದೇ ಕಾರಣ. ಜಾವಾ 17ಕ್ಕೆ ಎಕ್ಲಿಪ್ಸ್ 2021-12, ಜಾವಾ 21ಕ್ಕೆ 2023-12 ಅಥವಾ ನಂತರದ್ದು ಇದ್ದರೆ ನಿಶ್ಚಿಂತೆ. ಇಲ್ಲಿ ಪಾಮ್ ತಿದ್ದಿ ಪ್ರಯೋಜನವಿಲ್ಲ, ಎಕ್ಲಿಪ್ಸನ್ನೇ ಮೇಲಕ್ಕೆ ತನ್ನಿ.

ಲಕ್ಷಣ: ವೆಬ್ ಪ್ರಾಜೆಕ್ಟ್‌ನಲ್ಲಿ ಫ್ಯಾಸೆಟ್ ಹೊಂದುತ್ತಿಲ್ಲ ಎನ್ನುತ್ತದೆ

ಜಾವಾ ಕಂಪೈಲರ್ ಮಟ್ಟಕ್ಕೂ ಜಾವಾ ಫ್ಯಾಸೆಟ್‌ಗೂ (ಪ್ರಾಜೆಕ್ಟ್ ಯಾವ ತಂತ್ರಜ್ಞಾನದ ಯಾವ ಆವೃತ್ತಿ ಬಳಸುತ್ತದೆ ಎಂಬ ಎಕ್ಲಿಪ್ಸ್‌ನ ನಮೂದು) ತಾಳೆಯಿಲ್ಲ, ಅಥವಾ ಡೈನಮಿಕ್ ವೆಬ್ ಮಾಡ್ಯೂಲ್ 3.0ಕ್ಕೆ ಜಾವಾ 1.6 ಅಥವಾ ಹೊಸದು ಬೇಕು ಎಂಬ ಕೆಂಪು ಸಾಲು. ಮೂಲ ಅದೇ 1.5. ಫ್ಯಾಸೆಟ್ ಪುಟಕ್ಕೆ ಹೋಗುವ ಮೊದಲು ಪಾಮ್ ಸರಿಮಾಡಿ ಅಪ್‌ಡೇಟ್ ಕೊಡಿ, ಬಹುಪಾಲು ಅದರ ಜೊತೆಗೇ ಹೋಗುತ್ತದೆ. ಆಮೇಲೂ ಉಳಿದರೆ ಮಾತ್ರ ಪ್ರಾಜೆಕ್ಟ್ ಫ್ಯಾಸೆಟ್ಸ್‌ನಲ್ಲಿ ಜಾವಾ ಸಂಖ್ಯೆ ಬದಲಿಸಿ.

ಲಕ್ಷಣ: ಎಕ್ಲಿಪ್ಸ್‌ನಲ್ಲಿ ಬರೀ ಎಚ್ಚರಿಕೆ, ಟರ್ಮಿನಲ್‌ನಲ್ಲಿ ಬಿಲ್ಡ್ ಬೀಳುತ್ತದೆ

‘ಸೋರ್ಸ್ ಆಪ್ಷನ್ 5 ಈಸ್ ನೋ ಲಾಂಗರ್ ಸಪೋರ್ಟೆಡ್’ ಎಂಬ ಸಾಲು ಬಂದರೆ ಅದೇ ತೊಂದರೆ ಈಗ ಗಂಭೀರವಾಗಿದೆ. ಹೊಸ ಜೆಡಿಕೆಗಳು ಹಳೆಯ ಮಟ್ಟಗಳನ್ನು ಒಂದೊಂದಾಗಿ ಕೈಬಿಡುತ್ತಾ ಬಂದಿವೆ: ಜೆಡಿಕೆ 9ರಲ್ಲಿ 5, 12ರಲ್ಲಿ 6, 20ರಲ್ಲಿ 7. ಜೆಡಿಕೆ 21 ಈಗ 8ರ ಬಗ್ಗೆಯೂ ಎಚ್ಚರಿಸುತ್ತದೆ. ಆ ಹಳೆಯ ಆರ್ಕಿಟೈಪ್‌ನ 1.7 ಜೆಡಿಕೆ 17ರಲ್ಲಿ ಎಚ್ಚರಿಕೆಯೊಂದಿಗೆ ಓಡುತ್ತಿದ್ದದ್ದು 21ರಲ್ಲಿ ಓಡುವುದೇ ಇಲ್ಲ.

ಟರ್ಮಿನಲ್‌ನಲ್ಲಿ ಮೇವನ್‌ನ ವರ್ಷನ್ ಆದೇಶ ಕೊಟ್ಟರೆ ಮೇವನ್ ಆವೃತ್ತಿಯ ಜೊತೆಗೆ ಅದು ಬಳಸುತ್ತಿರುವ ಜಾವಾ ಆವೃತ್ತಿಯನ್ನೂ ತೋರಿಸುತ್ತದೆ. ಅದು ಜಾವಾಹೋಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಬರುತ್ತದೆ. ಎಕ್ಲಿಪ್ಸ್ ತನ್ನ ಪಟ್ಟಿಯನ್ನು ನೋಡುತ್ತದೆ, ಇದನ್ನಲ್ಲ. ಎರಡು ಕಡೆಯೂ ಒಂದೇ ಜೆಡಿಕೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಹುಡುಕಾಟ.

ಎಚ್ಚರಿಕೆಯನ್ನು ಮುಚ್ಚಿಬಿಡಬಹುದೇ?

ಪ್ರಿಫರೆನ್ಸಸ್‌ನಲ್ಲಿ ಜಾವಾ, ಕಂಪೈಲರ್, ಬಿಲ್ಡಿಂಗ್ ಎಂಬ ಪುಟದಲ್ಲಿ ಹೊಂದುವ ಜೆಆರ್‌ಇ ಇಲ್ಲದಿದ್ದಾಗ ಏನು ಮಾಡಬೇಕೆಂಬ ಆಯ್ಕೆಯಿದೆ. ಅದನ್ನು ಇಗ್ನೋರ್‌ಗೆ ತಿರುಗಿಸಿದರೆ ತ್ರಿಕೋನ ಮತ್ತೆ ಕಾಣದು. ಬೇಕೆಂದೇ ಜೆಡಿಕೆ 17 ಇಟ್ಟುಕೊಂಡು 8ಕ್ಕೆ ಕಂಪೈಲ್ ಮಾಡುವವರಿಗೆ ಇದು ಒಪ್ಪತಕ್ಕದ್ದೇ, ಪಾಮ್‌ನಲ್ಲಿ ರಿಲೀಸ್ 8 ಎಂದಿದ್ದರೆ.

ರಿಲೀಸ್ ಇಲ್ಲದೆ ಸೋರ್ಸ್ ಮತ್ತು ಟಾರ್ಗೆಟ್ ಮಾತ್ರ 1.8 ಎಂದಿದ್ದರೆ ಮುಚ್ಚಬೇಡಿ. ಅಪಾಯ ಹೀಗಿದೆ. ಸ್ಟ್ರಿಂಗ್‌ಗೆ ಈಸ್‌ಬ್ಲ್ಯಾಂಕ್ ಎಂಬ ಮೆಥಡ್ ಬಂದದ್ದು ಜಾವಾ 11ರಲ್ಲಿ. ಟಾರ್ಗೆಟ್ 1.8 ಇದ್ದರೂ, ಕಂಪೈಲರ್ ಲೈಬ್ರರಿಗಾಗಿ ನೋಡುವುದು ನಿಮ್ಮ ಯಂತ್ರದ ಜೆಡಿಕೆ 17ನ್ನು. ಅಲ್ಲಿ ಆ ಮೆಥಡ್ ಇದೆ, ಆದ್ದರಿಂದ ಕೋಡ್ ತಕರಾರಿಲ್ಲದೆ ಕಂಪೈಲ್ ಆಗುತ್ತದೆ. ಜಾವಾ 8 ಇರುವ ಸರ್ವರ್‌ನಲ್ಲಿ ಪ್ರೋಗ್ರಾಂ ಏರುತ್ತದೆ, ಓಡುತ್ತದೆ, ಆ ಸಾಲು ತಲುಪಿದಾಗ ‘ನೋ ಸಚ್ ಮೆಥಡ್ ಎರರ್’ ಎಂದು ಬೀಳುತ್ತದೆ. ಯಾವತ್ತೋ ಒಮ್ಮೆ ಬಳಕೆಯಾಗುವ ಫಾರ್ಮ್‌ನಲ್ಲಿ ಆ ಸಾಲು ಇದ್ದರೆ ವಾರಗಟ್ಟಲೆ ಯಾರಿಗೂ ಗೊತ್ತಾಗದು. ರಿಲೀಸ್ 8 ಎಂದು ಕೊಟ್ಟಿದ್ದರೆ ಕಂಪೈಲರ್ 8ರ ಲೈಬ್ರರಿಯನ್ನಷ್ಟೇ ನೋಡುತ್ತದೆ, ತಪ್ಪು ನಿಮ್ಮ ಪರದೆಯ ಮೇಲೇ ಕೆಂಪಾಗಿ ಕಾಣುತ್ತದೆ. ಟರ್ಮಿನಲ್‌ನಲ್ಲಿ ಬೂಟ್‌ಸ್ಟ್ರಾಪ್ ಕ್ಲಾಸ್‌ಪಾತ್ ಕೊಟ್ಟಿಲ್ಲ ಎಂದು ಬರುವ ಎಚ್ಚರಿಕೆ ಹೇಳುತ್ತಿರುವುದೂ ಇದನ್ನೇ. ಈ ಹಳದಿ ತ್ರಿಕೋನವನ್ನು ಕಿರಿಕಿರಿ ಎಂದು ತಳ್ಳಿಹಾಕದೆ ಇಷ್ಟು ದೂರ ಬೆನ್ನು ಹತ್ತಿದ್ದು ಈ ಒಂದು ಕಾರಣಕ್ಕೆ.

ನಿಲ್ಲಬೇಕಾದ ಜಾಗಗಳು

ಪಾಮ್‌ನಲ್ಲಿ ಆವೃತ್ತಿ ಏರಿಸುವ ಮುನ್ನ ಪ್ರೋಗ್ರಾಂ ಕೊನೆಗೆ ಓಡುವ ಸರ್ವರ್‌ನಲ್ಲಿ ಯಾವ ಜಾವಾ ಇದೆ ಎಂದು ತಿಳಿಯಲೇಬೇಕು. 17ಕ್ಕೆ ಕಂಪೈಲ್ ಆದ ಕ್ಲಾಸ್ ಫೈಲ್‌ನ ಆವೃತ್ತಿ 61, ಜಾವಾ 8 ಓದಬಲ್ಲದ್ದು 52ರವರೆಗೆ. ಮೀರಿದರೆ ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್’ ಬಂದು ಪ್ರೋಗ್ರಾಂ ಏಳುವುದೇ ಇಲ್ಲ. ಸರ್ವರ್ ನೋಡಿಕೊಳ್ಳುವವರನ್ನು ಕೇಳದೆ ಏರಿಸಬೇಡಿ.

ಏನು ಮಾಡಿದರೂ ಹೋಗದಿದ್ದಾಗ ವರ್ಕ್‌ಸ್ಪೇಸ್‌ನ ಮೆಟಾಡೇಟಾ ಫೋಲ್ಡರ್ ಅಳಿಸಿ ಎಂಬ ಸಲಹೆ ಸಿಗುತ್ತದೆ. ನಿಮ್ಮ ಎಲ್ಲ ಪ್ರಿಫರೆನ್ಸಸ್, ರನ್ ಕಾನ್ಫಿಗರೇಷನ್‌ಗಳು, ಜೊತೆಗೆ ಲೋಕಲ್ ಹಿಸ್ಟರಿ ಇರುವುದು ಅದರಲ್ಲೇ. ಕಮಿಟ್ ಮಾಡದೆ ಕಳೆದುಕೊಂಡ ಕೋಡನ್ನು ಎಷ್ಟೋ ಸಲ ಮರಳಿ ಕೊಡುವುದು ಆ ಲೋಕಲ್ ಹಿಸ್ಟರಿ. ಅಳಿಸುವ ಬದಲು ಬೇರೆ ಜಾಗದಲ್ಲಿ ಹೊಸ ವರ್ಕ್‌ಸ್ಪೇಸ್ ತೆರೆದು, ಅದಕ್ಕೆ ಪ್ರಾಜೆಕ್ಟ್‌ನ ಹೊಸ ಕ್ಲೋನ್ ಒಂದನ್ನು ಇಂಪೋರ್ಟ್ ಮಾಡಿ. ಅಲ್ಲಿ ಎಚ್ಚರಿಕೆ ಬಂದರೆ ದೋಷ ಪ್ರಾಜೆಕ್ಟ್‌ನದ್ದು, ಬರದಿದ್ದರೆ ವರ್ಕ್‌ಸ್ಪೇಸ್‌ನದ್ದು. ಪ್ರಾಜೆಕ್ಟ್ ತೆಗೆದು ಮತ್ತೆ ಇಂಪೋರ್ಟ್ ಮಾಡುವಾಗ ಡಿಲೀಟ್ ಕಿಟಕಿಯಲ್ಲಿ ಡಿಸ್ಕ್‌ನಲ್ಲಿರುವುದನ್ನೂ ಅಳಿಸುವ ಚೌಕಕ್ಕೆ ಟಿಕ್ ಬಿದ್ದಿಲ್ಲ ಎಂದು ಎರಡು ಸಲ ನೋಡಿ. ಅದು ಬಿದ್ದರೆ ಕೋಡ್ ಫೋಲ್ಡರ್ ಸಮೇತ ಹೋಗುತ್ತದೆ, ಹಿಂದಕ್ಕೆ ತರುವ ಗುಂಡಿಯಿಲ್ಲ.

ಇಷ್ಟರ ಮೇಲೂ ತ್ರಿಕೋನ ಉಳಿದು ಅನುಭವಿಗಳ ನೆರವು ಕೇಳುವುದಾದರೆ ಸ್ಕ್ರೀನ್‌ಶಾಟ್ ಒಂದನ್ನೇ ಕಳಿಸಬೇಡಿ. ಎಚ್ಚರಿಕೆಯ ಪೂರ್ತಿ ಸಾಲು, ಎಫೆಕ್ಟಿವ್ ಪಾಮ್‌ನಲ್ಲಿ ಕಂಪೈಲರ್ ಪ್ಲಗಿನ್ ಇರುವ ಭಾಗ, ಟರ್ಮಿನಲ್‌ನಲ್ಲಿ ಮೇವನ್ ವರ್ಷನ್ ಆದೇಶ ತೋರಿಸಿದ ಸಾಲುಗಳು, ಎಕ್ಲಿಪ್ಸ್‌ನ ಆವೃತ್ತಿ, ಆಲ್ಟ್ ಎಫ್5 ಒತ್ತುವ ಮೊದಲು ಮತ್ತು ಒತ್ತಿದ ಮೇಲೆ ಕ್ಲಾಸ್‌ಪಾತ್ ಫೈಲ್‌ನ ಆ ಒಂದು ಸಾಲು ಹೇಗಿತ್ತು ಎಂಬುದು, ಇವೆಲ್ಲವನ್ನೂ ಅಕ್ಷರ ರೂಪದಲ್ಲಿ ಕೊಡಿ. ಕಂಪನಿಯ ಸರ್ವರ್ ವಿಳಾಸ ಅಥವಾ ಪಾಸ್‌ವರ್ಡ್ ಪಾಮ್‌ನಲ್ಲಿದ್ದರೆ ಕಳಿಸುವ ಮುನ್ನ ತೆಗೆದುಬಿಡಿ.